ಹೇಳದೆ ಕೇಳದೆ ಹೋದ ಕೆಲಸಗಾರ: ವಕೀಲರನ್ನು ಯಾವಾಗ ಕೇಳಬೇಕು?

ಕೇಳಿದವರು, ಪೀಣ್ಯ
ನನ್ನದೊಂದು ಸಣ್ಣ ಮಷಿನ್ ಶಾಪ್, 28 ಜನ ಇದ್ದಾರೆ. ಒಡಿಶಾದ ಒಬ್ಬ ಸಿಎನ್‌ಸಿ ಆಪರೇಟರ್, ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದವನು, 40 ದಿನದಿಂದ ಬಂದಿಲ್ಲ. ಫೋನ್ ಸ್ವಿಚ್ ಆಫ್, ರೂಮಿಗೆ ಬೀಗ. ಆರ್ಡರ್ ನಿಂತಿದೆ, ಅವನ ಜಾಗಕ್ಕೆ ಜನ ಬೇಕೇ ಬೇಕು. 'ನಿನ್ನ ಹೆಸರು ತೆಗೆದಿದ್ದೇನೆ' ಅಂತ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ, ಕಳಿಸಿಲ್ಲ. ಇಷ್ಟಕ್ಕೆ ವಕೀಲರು ಬೇಕಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿಯಿಂದ
ದಯವಿಟ್ಟು ಅದನ್ನು ಕಳಿಸಬೇಡಿ. 2013ರಲ್ಲಿ ನಾನು ಇದನ್ನೇ ಬಾಯಲ್ಲಿ ಹೇಳಿದ್ದೆ. ವೆಲ್ಡರ್ ಒಬ್ಬ ಹಬ್ಬಕ್ಕೆ ಅಂತ ಹೋದವನು ಮೂರು ವಾರ ಬಿಟ್ಟು ಬಂದ. ಸಿಟ್ಟಿನಲ್ಲಿ 'ನಾಳೆಯಿಂದ ಬರಬೇಡ' ಅಂದೆ. ಅವನು ಕಾರ್ಮಿಕ ಇಲಾಖೆಗೆ ಹೋದ, ಅಲ್ಲಿ ರಾಜಿಗೆ ಕರೆದರು, ನಾನು ಒಪ್ಪಲಿಲ್ಲ, ಅಲ್ಲಿಂದ ಲೇಬರ್ ಕೋರ್ಟ್. 'ಅವನೇ ಕೆಲಸ ಬಿಟ್ಟು ಹೋದ' ಅನ್ನೋದು ನನ್ನ ವಾದ. ಎದುರಿನವರು ಕೇಳಿದ್ದು ಒಂದೇ ಪ್ರಶ್ನೆ: 'ಬಾ ಅಂತ ಒಂದಾದರೂ ಕಾಗದ ಬರೆದಿದ್ದೀರಾ?' ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಐದು ವರ್ಷ ಅಲೆದೆ. ಕೊನೆಗೆ ಅವನನ್ನು ವಾಪಸ್ ತಗೊಂಡು ಅಷ್ಟೂ ವರ್ಷದ ಅರ್ಧ ಸಂಬಳ ಕೊಡಬೇಕಾಯಿತು. ಅವನು ಈಗಲೂ ನನ್ನ ಹತ್ತಿರವೇ ಇದ್ದಾನೆ, ಒಳ್ಳೆಯ ಕೆಲಸಗಾರ. ಅವತ್ತೇ ಕೂರಿಸಿ ಕೇಳಿದ್ದರೆ ಮುಗಿಯುತ್ತಿತ್ತು. ತಮ್ಮನಿಗೆ ಆಪರೇಷನ್ ಆಗಿತ್ತಂತೆ, ಅದನ್ನು ನಾನು ಕೋರ್ಟಿನಲ್ಲಿ ಮೊದಲ ಸಲ ಕೇಳಿದೆ.

ವಕೀಲರು ಆಮೇಲೆ ಒಂದು ತೀರ್ಪು ತೋರಿಸಿದರು. ಡಿ.ಕೆ. ಯಾದವ್ ಪ್ರಕರಣ, ಸುಪ್ರೀಂ ಕೋರ್ಟ್, 1993. ಎಂಟು ದಿನಕ್ಕಿಂತ ಜಾಸ್ತಿ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಅಂತ ಆ ಕಂಪನಿಯ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲೇ, ಅಂದರೆ ಕಂಪನಿಯ ಕೆಲಸದ ನಿಯಮಾವಳಿಯಲ್ಲೇ, ಬರೆದಿತ್ತು. ಆದರೂ ಕಂಪನಿಯೊಳಗೆ ವಿಚಾರಣೆ ಮಾಡದೆ ತೆಗೆದದ್ದು ತಪ್ಪು ಅಂತ ಕೋರ್ಟ್ ಹೇಳಿತು. ಬರೆದಿಟ್ಟುಕೊಂಡ ಕಂಪನಿಗೇ ಹಾಗಾದರೆ ಏನೂ ಬರೆದಿಡದ ನಮ್ಮಂಥವರ ಕಥೆ ಹೇಳಬೇಕಾ?

ಮೈಸೂರಿನಿಂದ, ನಿವೃತ್ತ ಪರ್ಸನಲ್ ಮ್ಯಾನೇಜರ್
ಎಷ್ಟೋ ವಿಚಾರಣೆಗಳಲ್ಲಿ ವಿಚಾರಣಾಧಿಕಾರಿಯಾಗಿ ಕೂತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲ ಕಾಗದದಲ್ಲಿ ಬೆದರಿಕೆ ಬೇಡ. 'ಇಂಥ ತಾರೀಕಿನಿಂದ ಬಂದಿಲ್ಲ, ಕಾರಣ ತಿಳಿಸಿ, ಇಂಥ ದಿನದೊಳಗೆ ಕೆಲಸಕ್ಕೆ ಬನ್ನಿ', ಅಷ್ಟೇ. ರೂಮಿನ ವಿಳಾಸಕ್ಕೂ ಕಳಿಸಿ, ಆಧಾರ್‌ನಲ್ಲಿರುವ ಊರಿನ ವಿಳಾಸಕ್ಕೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಅದರಲ್ಲೇ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕವರ್ 'ಬಾಗಿಲಿಗೆ ಬೀಗ' ಅಂತ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಫೈಲಿಗೆ ಹಾಕಿ. ನಾಳೆ ಸಾಕ್ಷಿ ಆಗೋದು ಆ ಮುಚ್ಚಿದ ಕವರೇ. ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಕನ್ನಡ ಬಾರದವನಿಗೆ ಕನ್ನಡದಲ್ಲೋ, ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲೋ ಬರೆದು 'ನೋಟಿಸ್ ಕೊಟ್ಟಿದ್ದೇನೆ' ಅಂದರೆ ಅದು ನ್ಯಾಯವೂ ಅಲ್ಲ, ಕೋರ್ಟಿನಲ್ಲಿ ನಿಲ್ಲೋದೂ ಇಲ್ಲ.

ಎರಡು ಮೂರು ಕಾಗದಕ್ಕೂ ಉತ್ತರ ಇಲ್ಲದಿದ್ದರೆ ಆಮೇಲೆ ಆರೋಪ ಪತ್ರ, ಅಂದರೆ ಅವನ ಮೇಲಿನ ಆರೋಪವನ್ನು ಬರೆದು ಉತ್ತರ ಕೇಳುವ ಕಾಗದ. ನಂತರ ವಿಚಾರಣೆ. ದೂರು ಕೊಟ್ಟವರು ನೀವೇ ಆಗಿದ್ದು ವಿಚಾರಣಾಧಿಕಾರಿಯೂ ನೀವೇ ಆಗಬೇಡಿ, ಹೊರಗಿನವರನ್ನು ಕೂರಿಸಿ. ಅವನು ಬಂದರೆ ಸಾಕ್ಷಿಗಳನ್ನು ಪ್ರಶ್ನೆ ಮಾಡಲು ಬಿಡಬೇಕು, ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆತಂದರೂ ಬಿಡಬೇಕು. ಬಾರದಿದ್ದರೆ ಅದನ್ನು ಆ ದಿನವೇ ಬರೆದು, ಮತ್ತೊಂದು ತಾರೀಕು ಕೊಟ್ಟು, ಅದನ್ನೂ ಅವನಿಗೆ ತಿಳಿಸಿ ಮುಂದುವರಿಸಬೇಕು.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸ್ಟ್ಯಾಂಡಿಂಗ್ ಆರ್ಡರ್ ಈಗ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಕಡ್ಡಾಯ, ಹಾಗಾಗಿ ನಮಗೆ ಏನೂ ಬೇಡ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ತೆಗೆಯುವ ಮೊದಲು ಅವನ ಮಾತು ಕೇಳಬೇಕು ಅನ್ನೋದು ಎಲ್ಲೂ ಹೋಗಿಲ್ಲ.

ದೊಡ್ಡಬಳ್ಳಾಪುರದಿಂದ
ನಾನು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಆಗಿದ್ದಾಗಿನ ಮಾತು. ಟೈಲರ್ ಹೆಣ್ಣುಮಗಳೊಬ್ಬಳು ಒಂದೂವರೆ ತಿಂಗಳು ಬರಲಿಲ್ಲ. ಮೇಲಿನವರು ಹೇಳಿದರು ಅಂತ ಹೆಸರು ಹೊಡೆದೆವು. ಆಮೇಲೆ ಗೊತ್ತಾಯಿತು, ಅವಳಿಗೆ ಟಿಬಿ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯಿಂದ ಕಾಯಿಲೆ ಭತ್ಯೆ ತಗೊಳ್ಳುತ್ತಿದ್ದಳು. ಆ ಅವಧಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂತ ಇಎಸ್‌ಐ ಕಾಯ್ದೆಯ 73ನೇ ಕಲಂ ಇತ್ತು. ನಾನು ಅದನ್ನು ಓದಿಯೇ ಇರಲಿಲ್ಲ. ಆದೇಶ ವಾಪಸ್ ತಗೊಂಡೆವು, ಆದರೆ ಆ ಕಾಯಿಲೆಯಲ್ಲಿ ಮಲಗಿದ್ದವಳ ಕೈಗೆ ಆ ಕಾಗದ ಸಿಕ್ಕಿತ್ತಲ್ಲ, ಅದು ನನಗೆ ಇವತ್ತಿಗೂ ನೋವು. ನಿಮ್ಮ ಹುಡುಗನಿಗೆ ಇಎಸ್‌ಐ ಇದೆಯಾ? ಇದ್ದರೆ ಡಿಸ್ಪೆನ್ಸರಿಯಲ್ಲಿ ವಿಚಾರಿಸಿ. ಅವನ ಜೊತೆ ರೂಮಲ್ಲಿದ್ದವರನ್ನು ಕೇಳಿ. ಕಾಗದಕ್ಕಿಂತ ಮೊದಲು ಅದು.

ಇನ್ನೊಂದು. ಸೇರುವಾಗಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಬೇಕಾದಾಗ ಅದರ ಮೇಲೆ ರಾಜೀನಾಮೆ ಬರೆದುಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಆ ಮನುಷ್ಯನನ್ನು ಮತ್ತೆ ಕೇಳಬೇಡಿ. ಅದು ಮೋಸ.

ಬೊಮ್ಮಸಂದ್ರದಿಂದ
ವಕೀಲರು ಬೇಕಾ ಅಂತ ಕೇಳಿದ್ದೀರಿ. ಬೇಕು, ಆದರೆ ಈಗ ಬೇಕು, ಕೇಸ್ ಬಿದ್ದ ಮೇಲಲ್ಲ. ನಾನು ಮೊದಲು ಜಾಗದ ಕೇಸ್ ನಡೆಸುವ ಪರಿಚಯದ ಸಿವಿಲ್ ವಕೀಲರ ಹತ್ತಿರ ಹೋಗಿದ್ದೆ. ಒಳ್ಳೆಯವರು, ಆದರೆ ಇದು ಅವರ ಕ್ಷೇತ್ರ ಅಲ್ಲ. ಕಾರ್ಮಿಕ ವ್ಯಾಜ್ಯದಲ್ಲಿ ಎದುರಿನವರು ಒಪ್ಪಿ, ಕೋರ್ಟೂ ಅನುಮತಿ ಕೊಟ್ಟರೆ ಮಾತ್ರ ವಕೀಲರು ನಿಮ್ಮ ಪರ ನಿಲ್ಲಬಹುದು ಅನ್ನೋದೇ ಅವರಿಗೆ ನೆನಪಿರಲಿಲ್ಲ. ಕಾರ್ಮಿಕ ಕಾನೂನನ್ನೇ ಮಾಡುವವರನ್ನು ಹುಡುಕಿ. ಕಾಸಿಯಾ (ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ) ಅಥವಾ ನಿಮ್ಮ ಏರಿಯಾದ ಕೈಗಾರಿಕಾ ಸಂಘದಲ್ಲಿ ಕೇಳಿದರೆ ಹೆಸರು ಸಿಗುತ್ತದೆ. ಹೋಗುವಾಗ ನೇಮಕಾತಿ ಪತ್ರ, ಹಾಜರಿ ಪುಸ್ತಕ, ಸಂಬಳದ ದಾಖಲೆ, ಪಿಎಫ್ ಚಲನ್ ತಗೊಂಡು ಹೋಗಿ. ನೇಮಕಾತಿ ಪತ್ರವೇ ಕೊಟ್ಟಿಲ್ಲ ಅಂದ್ರೆ ಅದನ್ನೂ ಮುಚ್ಚಿಡದೆ ಹೇಳಿ.

ಮುಂದೆ ಅವನನ್ನು ತೆಗೆಯುವುದೇ ಆದರೂ, ಅವನೇ ರಾಜೀನಾಮೆ ಕೊಟ್ಟರೂ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಆ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆಯಲ್ಲಿ ಹಾಗೇ ಇದೆ. ಮೊದಲಿನ ಹಾಗೆ 'ಮುಂದಿನ ತಿಂಗಳು ಬಾ' ಅನ್ನುವಂತಿಲ್ಲ. ದುಡ್ಡು ಈಗಲೇ ತೆಗೆದಿಡಿ. ಮಷಿನ್‌ಗೆ ಸದ್ಯಕ್ಕೆ ಬೇರೊಬ್ಬರನ್ನು ನಿಗದಿತ ಅವಧಿಗೆ ತಗೊಳ್ಳಿ, ಅವಧಿಯನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಕೇಳಿದವರು, ಪೀಣ್ಯ
ಎಲ್ಲರಿಗೂ ವಂದನೆ. ವಾಟ್ಸಾಪ್ ಡ್ರಾಫ್ಟ್ ಅಳಿಸಿದೆ. ರೂಮ್‌ಮೇಟ್ ಬೇರೆ ಫ್ಯಾಕ್ಟರಿಯಲ್ಲಿದ್ದಾನೆ, ಸಂಜೆ ಸಿಕ್ಕಿದ. ಊರಲ್ಲಿ ಅಪ್ಪನಿಗೆ ಏನೋ ಆಗಿದೆ, ಅಷ್ಟೇ ಗೊತ್ತು ಅಂದ. ಅಣ್ಣನ ನಂಬರ್ ಕೊಟ್ಟಿದ್ದಾನೆ. ನಾಳೆ ಫೋನ್ ಮಾಡುತ್ತೇನೆ. ಕಾಗದವನ್ನೂ ಎರಡೂ ವಿಳಾಸಕ್ಕೆ ಹಾಕುತ್ತೇನೆ, ಹಿಂದಿ ಮತ್ತು ಒಡಿಯಾದಲ್ಲಿ. ಶನಿವಾರ ವಕೀಲರ ಸಮಯ ಸಿಕ್ಕಿದೆ. ನೇಮಕಾತಿ ಪತ್ರ ಕೊಟ್ಟಿಲ್ಲ, 28 ಜನರಲ್ಲಿ ಯಾರಿಗೂ ಕೊಟ್ಟಿಲ್ಲ. ಅದನ್ನೂ ಅವರಿಗೆ ಹೇಳುತ್ತೇನೆ. ಒಡಿಯಾ ಓದಲು ಬರುವವರು ಇಲ್ಲಿ ಯಾರಾದರೂ ಇದ್ದರೆ ಕಳಿಸುವ ಮುಂಚೆ ಕಾಗದವನ್ನು ಒಂದು ಸಲ ನೋಡಿಕೊಡುತ್ತೀರಾ?