‘ಒಣ ಸಿಗ್ನಲ್’ ಹಸಿಯೋ ಒಣವೋ: ಗಿಟಾರ್ ಆಂಪ್ ಸಿಮ್ಯುಲೇಟರ್ ಪದಗಳ ಬಗ್ಗೆ

ಶಿರಸಿಯಿಂದ:

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವವರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಆಂಪ್ (ಗಿಟಾರಿನ ಆಂಪ್ಲಿಫೈಯರ್) ಇಲ್ಲ, ಮೈಕ್ ಇಲ್ಲ. ಗಿಟಾರಿನ ವೈರನ್ನು, ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಆಡಿಯೋ ಇಂಟರ್‌ಫೇಸಿಗೆ ಚುಚ್ಚಿ, ಆಂಪಿನ ದನಿಯನ್ನು ಅನುಕರಿಸುವ ಕಂಪ್ಯೂಟರಿನೊಳಗಿನ ಆಂಪ್ ಸಿಮ್ಯುಲೇಟರುಗಳನ್ನು ಒಂದಕ್ಕೊಂದು ಹೋಲಿಸಿ ಆರಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ಕರಡಿನ ಮುಖ್ಯ ಭಾಗ ಹೀಗಿದೆ:

“ಒಣ ಸಂಕೇತವನ್ನು ನೇರವಾಗಿ ಧ್ವನಿಮುದ್ರಿಸಿಕೊಂಡು, ಒಂದೊಂದೇ ಧ್ವನಿವರ್ಧಕ ಅನುಕಾರಿಯ ಮೂಲಕ ಹಾಯಿಸಿ, ವಿರೂಪಣೆಯ ಗುಣವನ್ನು ಹೋಲಿಸಿರಿ. ವಿಳಂಬ ಹೆಚ್ಚಾದರೆ ಬಫರ್ ತಗ್ಗಿಸಿರಿ. ಗಳಿಕೆ ಕೆಂಪು ಮುಟ್ಟದಿರಲಿ.”

ಒಂದೊಂದೇ ಪದ ತೆಗೆದು ನೋಡಿದರೆ ತಪ್ಪು ಕಾಣುವುದಿಲ್ಲ. ಒಟ್ಟಿಗೆ ಓದಿದರೆ ಮಾತ್ರ ಓದಿದವರ ಕೈ ಸರಿಯಾದ ನಾಬಿಗೆ ಹೋಗುವುದೇ ಎಂಬ ಅನುಮಾನ ಬರುತ್ತದೆ. ‘ಒಣ’ (ಡ್ರೈ), ‘ನೇರ’ (ಡೈರೆಕ್ಟ್), ‘ಧ್ವನಿವರ್ಧಕ’ (ಆಂಪ್), ‘ವಿರೂಪಣೆ’ (ಡಿಸ್ಟಾರ್ಷನ್), ‘ವಿಳಂಬ’ (ಲೇಟೆನ್ಸಿ), ‘ಗಳಿಕೆ’ (ಗೇನ್) ಈ ಆರಕ್ಕೂ ಬಳಕೆಯಲ್ಲಿ ನಿಲ್ಲುವ ಮಾತು ಬೇಕು. ಇಂಗ್ಲಿಷ್ ಪದವೇ ಉಳಿಯಲಿ ಎನ್ನುವುದಾದರೆ ಅದಕ್ಕೂ ಕಾರಣ ತಿಳಿಸಿ.

ಕಾರವಾರದಿಂದ:

ಶಿರಸಿಯ ಮಿತ್ರರೇ, ನಿಮ್ಮ ಅನುಮಾನ ಸರಿಯಾಗಿದೆ. ಈ ಭಾಗವನ್ನು ಅಕ್ಷರಶಃ ಪಾಲಿಸಿದರೆ ರೆಕಾರ್ಡಿಂಗ್ ಕೆಡುತ್ತದೆ. ಮೊದಲ ಪದವೇ ನಿಮ್ಮ ಊರಿನಲ್ಲಿ ತಿರುಗುಮುರುಗಾಗುತ್ತದೆ.

ಇಂಗ್ಲಿಷಿನಲ್ಲಿ ‘ಡ್ರೈ’ ಎಂದರೆ ಯಾವ ಸಂಸ್ಕಾರವೂ ಆಗದ್ದು, ‘ವೆಟ್’ ಎಂದರೆ ಸಂಸ್ಕಾರ ಆದದ್ದು. ಅಡಿಕೆ ಸೀಮೆಯಲ್ಲಿ ಲೆಕ್ಕ ಉಲ್ಟಾ. ಮರದಿಂದ ಇಳಿಸಿದ್ದು ಹಸಿ ಅಡಿಕೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಅದು ಒಣ ಅಡಿಕೆ. ಅಂಗಳದ ತುಂಬ ಅಡಿಕೆ ಹರವಿದ ಮನೆಯವರಿಗೆ ‘ಒಣ ಸಿಗ್ನಲ್’ ಎಂದರೆ ಎಲ್ಲ ಕೆಲಸ ಮುಗಿದು ಮಾರಾಟಕ್ಕೆ ತಯಾರಾದ ದನಿ ಎಂದೇ ಹೊಳೆಯುವುದು ಸಹಜ. ಹಾಗಾದರೆ ‘ಹಸಿ ಸಿಗ್ನಲ್’ ಎನ್ನೋಣವೇ? ಅದೂ ಆಗದು. ‘ಹಸಿ’ಗೆ ಬೇಯದ್ದು, ಒದ್ದೆಯಾದದ್ದು ಎಂಬ ಎರಡು ಅರ್ಥವೂ ಇವೆ. ಪ್ಲಗಿನ್ನಿನ (ರೆಕಾರ್ಡಿಂಗ್ ತಂತ್ರಾಂಶದೊಳಗೆ ಹಾಕುವ, ಸಿಮ್ಯುಲೇಟರಿನಂಥ ಚಿಕ್ಕ ತಂತ್ರಾಂಶದ) ಮಿಕ್ಸ್ ನಾಬಿನ ಎರಡು ತುದಿಯಲ್ಲಿ ಡ್ರೈ, ವೆಟ್ ಎಂದು ಬರೆದಿರುತ್ತದೆ. ಅಲ್ಲಿ ‘ಹಸಿ’ ಯಾವ ತುದಿ ಎಂದು ಗೊತ್ತಾಗುವುದಿಲ್ಲ.

ನನ್ನ ಸಲಹೆ ‘ಬರಿದನಿ’. ಬರಿಗೈ, ಬರಿಗಾಲು ಇದ್ದಂತೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿನಿಂದ ಬಂದದ್ದು, ಮೇಲೆ ಏನನ್ನೂ ತೊಡದೆ ಇರುವುದು. ಅದರ ಮೇಲೆ ಆಂಪ್ ಕೂತಾಗ ‘ಸಂಸ್ಕರಿಸಿದ ದನಿ’. ಇದು ಕೈಪಿಡಿಯಲ್ಲಿ ಸ್ಪಷ್ಟವಾಗಲೇಬೇಕು, ಏಕೆಂದರೆ ಹೋಲಿಕೆಯ ಇಡೀ ವಿಧಾನ ನಿಂತಿರುವುದು ಬರಿದನಿಯ ಮೇಲೆ. ಪ್ರತಿ ಸಿಮ್ಯುಲೇಟರಿಗೂ ಹೊಸದಾಗಿ ನುಡಿಸಿದರೆ ಕೈಯ ವ್ಯತ್ಯಾಸವನ್ನೇ ಆಂಪಿನ ವ್ಯತ್ಯಾಸ ಎಂದುಕೊಳ್ಳುತ್ತೇವೆ. ಒಮ್ಮೆ ನುಡಿಸಿ, ಬರಿದನಿಯನ್ನು ಉಳಿಸಿಕೊಂಡು, ಅದೇ ಟ್ರ್ಯಾಕನ್ನು ಎಲ್ಲದರ ಮೂಲಕ ಹಾಯಿಸಬೇಕು. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಫೈಲು ನಿಮಿಷಕ್ಕೆ ಸುಮಾರು 8.6 ಎಂಬಿ ಅಷ್ಟೇ; ಅಳಿಸುವ ಅಗತ್ಯವೇ ಇಲ್ಲ. ರೆಕಾರ್ಡಿಂಗ್ ತಂತ್ರಾಂಶ ರೀಪರ್‌ನಲ್ಲಿ ಪ್ಲಗಿನ್ನನ್ನು ಟ್ರ್ಯಾಕಿನ ಎಫ್‌ಎಕ್ಸ್ (ಎಫೆಕ್ಟುಗಳ) ಸಾಲಿನಲ್ಲಿ ಹಾಕಿದರೆ ಕಿವಿಗೆ ಸಂಸ್ಕರಿಸಿದ್ದು ಕೇಳುತ್ತದೆ, ಡಿಸ್ಕಿಗೆ ಬರಿದನಿ ಬೀಳುತ್ತದೆ. ಅದನ್ನೇ ಇನ್‌ಪುಟ್ ಎಫ್‌ಎಕ್ಸ್‌ನಲ್ಲಿ ಹಾಕಿದರೆ ಸಂಸ್ಕರಿಸಿದ್ದೇ ಡಿಸ್ಕಿಗೆ ಹೋಗುತ್ತದೆ. ಬರಿದನಿ ಮತ್ತೆ ಸಿಗುವುದಿಲ್ಲ.

‘ನೇರವಾಗಿ ಧ್ವನಿಮುದ್ರಿಸಿ’ ಎಂಬುದನ್ನು ಬಿಟ್ಟುಬಿಡಿ. ಕನ್ನಡದಲ್ಲಿ ‘ನೇರ’ ಎಂದರೆ ನೇರ ಪ್ರಸಾರದ ನೇರ. ವೇದಿಕೆಯಲ್ಲಿ ಆಗುತ್ತಿರುವಾಗಲೇ ಹಿಡಿದದ್ದು ಎಂದಾಗುತ್ತದೆ. ‘ಮೈಕ್ ಇಲ್ಲದೆ, ವೈರ್ ಮೂಲಕ’ ಎಂದು ಬರೆಯಿರಿ, ಸಾಕು. ಅಲ್ಲೇ ಇನ್ನೊಂದು ಸಾಲು ಸೇರಿಸಿ: ಇಂಟರ್‌ಫೇಸಿನ ‘ಇನ್‌ಸ್ಟ್’ ಅಥವಾ ‘ಹೈ-ಝೆಡ್’ ಗುಂಡಿ ಒತ್ತಿರಬೇಕು. ಆ ಜಾಕಿನ ಇಂಪೀಡೆನ್ಸ್ (ಒಳಬರುವ ವಿದ್ಯುತ್ತಿಗೆ ಒಡ್ಡುವ ತಡೆ) ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸಿನಲ್ಲಿರುತ್ತದೆ, ಲೈನ್ ಜಾಕಿನದು 10 ಕಿಲೋಓಮ್ ಸುಮಾರಿನಲ್ಲಿ. ಪಿಕಪ್ಪನ್ನು ಲೈನ್ ಜಾಕಿಗೆ ಕೊಟ್ಟರೆ ಅದರ ಮೇಲೆ ಭಾರ ಬಿದ್ದು ತಾರಸ್ವರಗಳ ಹೊಳಪೆಲ್ಲ ಹೋಗಿ, ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳುತ್ತದೆ. ಆಮೇಲೆ ಯಾವ ಸಿಮ್ಯುಲೇಟರ್ ಹಾಕಿದರೂ ಆ ಮಂಕು ಹೋಗುವುದಿಲ್ಲ, ಬೈಗುಳ ಮಾತ್ರ ಸಿಮ್ಯುಲೇಟರಿಗೆ.

‘ಧ್ವನಿವರ್ಧಕ’ವನ್ನು ನಮ್ಮ ಜನ ಆಗಲೇ ಬೇರೆಯದಕ್ಕೆ ಕೊಟ್ಟುಬಿಟ್ಟಿದ್ದಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸಬಾರದು ಎಂದರೆ ಕಂಬಕ್ಕೆ ಕಟ್ಟಿದ ಸ್ಪೀಕರ್ ಎಂದೇ ಅರ್ಥ. ಗಿಟಾರ್ ಆಂಪಿನಲ್ಲಿ ಸ್ಪೀಕರ್ ಒಂದು ಭಾಗ ಮಾತ್ರ. ದನಿಯ ಬಣ್ಣ ಕಟ್ಟುವ ಪ್ರೀಆಂಪ್, ಬಲ ತುಂಬುವ ಪವರ್ ಆಂಪ್, ಸ್ಪೀಕರ್ ಇರುವ ಪೆಟ್ಟಿಗೆ, ಅದರ ಮುಂದಿನ ಮೈಕ್: ರೆಕಾರ್ಡಿಂಗಿನಲ್ಲಿ ಕೇಳುವ ದನಿ ಈ ನಾಲ್ಕು ಮೆಟ್ಟಿಲು ಇಳಿದು ಬಂದಿರುತ್ತದೆ. ಸಿಮ್ಯುಲೇಟರ್ ನಾಲ್ಕನ್ನೂ ಮಾಡುತ್ತದೆಯೋ ಮೊದಲ ಎರಡನ್ನು ಮಾತ್ರವೋ ಎಂಬುದೇ ಹೋಲಿಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗ ಇಳಿದುಬಿಡುತ್ತದೆ. ಆ ಸ್ಪೀಕರಿನ ಮೆಟ್ಟಿಲು ಬಿಟ್ಟರೆ ಗೇನ್ ಏರಿಸಿದ ಕೂಡಲೇ ಘಟ್ಟದ ಕಾಡಿನ ಜೀರುಂಡೆಯಂತೆ ಚಿರ್ರ್ ಎನ್ನುತ್ತದೆ. ಅದೇ ಮೆಟ್ಟಿಲನ್ನು ಎರಡು ಬಾರಿ ಹಾಕಿದರೆ ಗೋಣಿಚೀಲದೊಳಗಿಂದ ಬಂದಂತೆ ಕೇಳುತ್ತದೆ. ಹಾಗಾಗಿ ‘ಆಂಪ್’ ಹಾಗೇ ಉಳಿಯಲಿ.

‘ಅನುಕಾರಿ’ ತಪ್ಪಲ್ಲ, ಆದರೆ ಒಂದೇ ಪದದಡಿ ಎರಡು ಜಾತಿ ಸೇರಿಕೊಂಡಿವೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್, ಹೀಲಿಕ್ಸ್ ನೇಟಿವ್ ಮುಂತಾದವುಗಳಲ್ಲಿ ಆಂಪಿನ ನಾಬುಗಳೆಲ್ಲ ಇರುತ್ತವೆ. ಬಾಸ್ ತಿರುಗಿಸಿದರೆ ಒಳಗಿನ ಲೆಕ್ಕವೇ ಬದಲಾಗುತ್ತದೆ. ಇವನ್ನು ‘ಮಾದರಿ’ ಎನ್ನಬಹುದು. ನ್ಯೂರಲ್ ಆಂಪ್ ಮಾಡೆಲರ್‌ನ ಫೈಲು ಸಾಮಾನ್ಯವಾಗಿ ನಿಜವಾದ ಒಂದು ಆಂಪನ್ನು ಒಂದು ಸ್ಥಿತಿಯಲ್ಲಿ ನಿಲ್ಲಿಸಿ ತೆಗೆದದ್ದು. ಇದಕ್ಕೆ ‘ಪಡಿಯಚ್ಚು’ ಎಂಬುದು ಹೇಳಿ ಮಾಡಿಸಿದ ಪದ. ಪಡಿಯಚ್ಚಿನಲ್ಲಿ ಇನ್‌ಪುಟ್ ಏರಿಸಿದರೆ ಆ ಸ್ಥಿತಿಯೊಳಕ್ಕೆ ಹೆಚ್ಚು ದನಿ ನೂಕಿದಂತೆ, ಮೂಲ ಆಂಪಿನ ಗೇನ್ ನಾಬು ತಿರುಗಿಸಿದಂತಲ್ಲ. ಪ್ಲಗಿನ್ನಿನ ಬಾಸ್, ಟ್ರೆಬಲ್ ಕೂಡ ಮೂಲ ಆಂಪಿನವಲ್ಲ, ಮೇಲೆ ಸೇರಿಸಿದವು. ಪಡಿಯಚ್ಚು ಆಂಪಿನ ತಲೆಯದ್ದೋ (ಪ್ರೀಆಂಪ್, ಪವರ್ ಆಂಪ್ ಮಾತ್ರ) ಪೆಟ್ಟಿಗೆ ಮೈಕ್ ಸಮೇತವೋ ಎಂದು ಫೈಲಿನ ವಿವರದಲ್ಲಿ ಓದಿಯೇ ಐಆರ್ ಹಾಕಬೇಕು.

ಐಆರ್ (ಇಂಪಲ್ಸ್ ರೆಸ್ಪಾನ್ಸ್) ಬಂತಲ್ಲ, ಅದನ್ನು ‘ಆವೇಗ ಪ್ರತಿಕ್ರಿಯೆ’ ಮಾಡಬೇಡಿ, ಯಾರೂ ಗುರುತಿಸುವುದಿಲ್ಲ. ಬಳಸುವವರೆಲ್ಲ ಐಆರ್ ಎಂದೇ ಅನ್ನುವುದು. ಮೊದಲ ಸಲ ಬಂದಲ್ಲಿ ‘ಸ್ಪೀಕರ್ ಪೆಟ್ಟಿಗೆ ಮತ್ತು ಮೈಕಿನ ದನಿಗುಣವನ್ನು ಹಿಡಿದಿಟ್ಟ ಚಿಕ್ಕ ವೇವ್ ಫೈಲು’ ಎಂದು ವಿವರಿಸಿ. ಬರೀ ‘ಪೆಟ್ಟಿಗೆ’ ಎಂದರೆ ನಮ್ಮಲ್ಲಿ ಶ್ರುತಿಪೆಟ್ಟಿಗೆಯೇ ಕಣ್ಣಿಗೆ ಬರುತ್ತದೆ, ಎಚ್ಚರ. ಒಂದು ಪ್ರಾಯೋಗಿಕ ಮಾತು: 44.1 ಕಿಲೋಹರ್ಟ್ಸ್ ದರದಲ್ಲಿ ತಯಾರಾದ ಐಆರ್ ಅನ್ನು 48ರ ಪ್ರಾಜೆಕ್ಟಿನಲ್ಲಿ, ದರ ಪರಿವರ್ತಿಸದ ಲೋಡರಿನಲ್ಲಿ ಹಾಕಿದರೆ ಅದರ ಗುಣವೆಲ್ಲ ಸುಮಾರು ಶೇ 9ರಷ್ಟು ಮೇಲಕ್ಕೆ ಸರಿಯುತ್ತದೆ. ಪೆಟ್ಟಿಗೆ ಚಿಕ್ಕದಾದಂತೆ ಕೇಳುವುದು ಅದರಿಂದ.

ಈಗ ‘ವಿರೂಪಣೆ’ ಮತ್ತು ‘ಗಳಿಕೆ’. ಈ ಜೋಡಿಯೇ ಹೆಚ್ಚು ಹಾನಿ ಮಾಡುವುದು. ಯಕ್ಷಗಾನದ ರಂಗದಲ್ಲಿ ಚಂಡೆಯ ಹೊಡೆತಕ್ಕೆ ಮೈಕ್ ಒಡೆದು ಕೇಳುವುದನ್ನು ನೆನಪಿಸಿಕೊಳ್ಳಿ. ಮಿಕ್ಸರಿನ ಕೊನೆಯ ವಾಲ್ಯೂಮ್ ಇಳಿಸಿದರೆ ಒಡಕು ಸಣ್ಣದಾಗುತ್ತದೆ, ಹೋಗುವುದಿಲ್ಲ. ಒಡೆದದ್ದು ಒಳಬಾಗಿಲಲ್ಲಿ; ಆ ಚಾನೆಲ್ಲಿನ ಗೇನ್ ಇಳಿಸಬೇಕು. ಗಿಟಾರಿಗೂ ಅದೇ. ಇಂಟರ್‌ಫೇಸಿನಲ್ಲಿ ದೀಪ ಕೆಂಪಾದರೆ ಆಗುವುದು ‘ಒಡಕು’, ಯಾರಿಗೂ ಬೇಡದ್ದು. ಆಂಪಿನ ಒಳಗೆ ಬೇಕೆಂದೇ ಮಾಡಿಕೊಳ್ಳುವುದು ಇನ್ನೊಂದು. ಅದಕ್ಕೆ ‘ಗೊಗ್ಗರು’ ಎನ್ನಬಹುದೇನೋ. ಎರಡನ್ನೂ ವಿರೂಪಣೆ ಎಂದರೆ ಗೊಗ್ಗರು ಬೇಕಾದವನು ಇಂಟರ್‌ಫೇಸಿನ ನಾಬು ತಿರುಗಿಸುತ್ತಾನೆ. ಹಾಗೆಯೇ ಇಂಟರ್‌ಫೇಸಿನದನ್ನು ‘ಒಳಮಟ್ಟ’ ಎಂದು ಕರೆಯಿರಿ, ‘ಗೇನ್’ ಎಂಬುದನ್ನು ಆಂಪಿಗೆ ಮಾತ್ರ ಮೀಸಲಿಡಿ. ಅತಿ ಜೋರಾಗಿ ಮೀಟಿದಾಗಲೂ ಒಳಮಟ್ಟದ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗಿರಲಿ, ಒಮ್ಮೆ ಇಟ್ಟ ಮೇಲೆ ಹೋಲಿಕೆ ಮುಗಿಯುವವರೆಗೆ ಮುಟ್ಟಬಾರದು.

ಮೂರನೆಯ ಬಗೆಯ ಕೆಡುಕೂ ಒಂದಿದೆ, ಅದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ: ಅಲಿಯಾಸಿಂಗ್. 48 ಕಿಲೋಹರ್ಟ್ಸ್‌ನಲ್ಲಿ 24 ಕಿಲೋಹರ್ಟ್ಸ್ ಮೇಲಿನ ಕಂಪನಕ್ಕೆ ಜಾಗವಿಲ್ಲ. ಗೊಗ್ಗರು ಮಾಡುವಾಗ 30ರಲ್ಲಿ ಹುಟ್ಟಿದ ಸ್ವರಾಂಶ ಮಡಿಚಿಕೊಂಡು 18ಕ್ಕೆ ಬಂದು ಕೂರುತ್ತದೆ. ತೆಳು ತಂತಿಯನ್ನು 12ನೇ ಫ್ರೆಟ್ಟಿನಿಂದ ಮೇಲೆ ಒತ್ತಿ ಎಳೆಯಿರಿ. ಸ್ವರ ಏರುತ್ತಿರುವಾಗ ಹಿಂದೆ ಯಾವುದೋ ಸಿಳ್ಳೆ ಇಳಿಯುತ್ತಿದ್ದರೆ ಅದೇ ಇದು. ಓವರ್‌ಸ್ಯಾಂಪ್ಲಿಂಗ್ (ಒಳಲೆಕ್ಕವನ್ನು ಹೆಚ್ಚಿನ ದರದಲ್ಲಿ ಮಾಡಿಸುವುದು) 4 ಪಟ್ಟು ಇಟ್ಟರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ, ಸಿಪಿಯು ಹೊರೆ ಏರುತ್ತದೆ. ‘ಮಡಿಕೆದನಿ’ ಆಗಬಹುದೇ, ಬಳಗ ಹೇಳಲಿ.

‘ವಿಳಂಬ’ದ ತೊಡಕು ಚಿಕ್ಕದು. ಲೇಟೆನ್ಸಿಗೂ (ಮೀಟಿದ್ದು ಕಿವಿಗೆ ಬರಲು ಹಿಡಿಯುವ ಹೊತ್ತು) ಡಿಲೇ ಎಫೆಕ್ಟಿಗೂ (ದನಿಯನ್ನು ಪ್ರತಿಧ್ವನಿಯಂತೆ ಮರುಕಳಿಸುವುದು) ಅದೇ ಪದ ಬರುತ್ತದೆ. ಲೇಟೆನ್ಸಿಗೆ ‘ತಡ’ ಸಾಕು, ಎಫೆಕ್ಟು ಡಿಲೇ ಆಗಿಯೇ ಇರಲಿ. 48ರಲ್ಲಿ 128 ಸ್ಯಾಂಪಲ್ ಬಫರಿಗೆ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ದನಿಯ ಕಂತು) ಒಂದು ದಿಕ್ಕಿಗೆ 2.7 ಮಿಲಿಸೆಕೆಂಡು, ಹೋಗಿಬರಲು 5.3, ಜೊತೆಗೆ ಡ್ರೈವರಿನದೂ ಪರಿವರ್ತಕದ್ದೂ ಸ್ವಲ್ಪ. ಗಾಳಿಯಲ್ಲಿ ಸದ್ದು 1 ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಆಂಪಿನಿಂದ ಮೂರು ಹೆಜ್ಜೆ ದೂರ ನಿಂತಷ್ಟೇ ತಡ ಇದು. 512ಕ್ಕೆ ಹೋಗಿಬರಲು 21 ದಾಟುತ್ತದೆ, ತಾಳ ಜಾರುತ್ತದೆ.

ನಿಮ್ಮ ಪಟ್ಟಿಯಲ್ಲಿಲ್ಲದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಜೋಡಿ ಒಂದಿದೆ: ‘ಗಟ್ಟಿ’ ಮತ್ತು ‘ಚಲೋ’. 1 ಡೆಸಿಬೆಲ್ ಗಟ್ಟಿ ಕೇಳಿದ್ದೇ ಚಲೋ ಅನ್ನಿಸಿಬಿಡುತ್ತದೆ. ಪ್ರತಿ ಸಿಮ್ಯುಲೇಟರಿನ ಹೊರಮಟ್ಟವನ್ನು ಕೇಳುವ ಗಟ್ಟಿತನ ಅಳೆಯುವ ಲಫ್ಸ್ ಮೀಟರಿನಲ್ಲಿ ಒಂದೇ ಅಂಕಕ್ಕೆ, ಉದಾಹರಣೆಗೆ ಮೈನಸ್ 18ಕ್ಕೆ ತಂದು, ಹೆಸರು ಕಾಣದಂತೆ ಮುಚ್ಚಿ ಕೇಳಬೇಕು. ಮಳೆಗಾಲದಲ್ಲಿ ಇನ್ವರ್ಟರ್ ಮೇಲೆ ಬರಿದನಿ ಹಿಡಿಯಬೇಡಿ. ಶುದ್ಧ ಸೈನ್ ಅಲೆ ಕೊಡದ ಇನ್ವರ್ಟರಿನ ಜಿಂಯ್ ಸದ್ದನ್ನು ಸಿಂಗಲ್ ಕಾಯಿಲ್ ಪಿಕಪ್ ಹಿಡಿದುಕೊಳ್ಳುತ್ತದೆ, ಗೇನ್ ಹೆಚ್ಚಿರುವ ಆಂಪು ಅದನ್ನು ಹತ್ತು ಪಟ್ಟು ಹಿಗ್ಗಿಸಿ ‘ಇದು ಕೆಟ್ಟದ್ದು’ ಎಂಬ ತಪ್ಪು ತೀರ್ಪು ಕೊಡಿಸುತ್ತದೆ.

ತಿದ್ದಿದ ಕರಡು ಇಗೋ:

“ಮೈಕ್ ಇಲ್ಲದೆ, ವೈರ್ ಮೂಲಕ ಬರಿದನಿಯನ್ನು ಒಮ್ಮೆ ರೆಕಾರ್ಡ್ ಮಾಡಿ. ಒಳಮಟ್ಟ ಕೆಂಪು ಮುಟ್ಟಿದರೆ ದನಿ ಒಡೆಯುತ್ತದೆ, ಇಳಿಸಿ. ಅದೇ ಟ್ರ್ಯಾಕನ್ನು ಒಂದೊಂದೇ ಆಂಪ್ ಸಿಮ್ಯುಲೇಟರಿನಲ್ಲಿ ಹಾಯಿಸಿ, ಎಲ್ಲದರ ಹೊರಮಟ್ಟ ಒಂದೇ ಮಾಡಿ, ಗೊಗ್ಗರಿನ ಗುಣ ಹೋಲಿಸಿ. ನುಡಿಸುವಾಗ ತಡ ಕಂಡರೆ ಬಫರ್ ತಗ್ಗಿಸಿ.”

ಹೊನ್ನಾವರದಿಂದ:

ಬರಿದನಿ, ಪಡಿಯಚ್ಚು, ಒಳಮಟ್ಟ ಮೂರಕ್ಕೂ ಒಪ್ಪಿಗೆ. ‘ಗೊಗ್ಗರು’ ಬಗ್ಗೆ ತಕರಾರಿದೆ. ಗಂಟಲು ಕಟ್ಟಿದವರ ದನಿ ಮೆಲ್ಲಗೆ ಮಾತಾಡಿದರೂ ಗೊಗ್ಗರೇ. ಓವರ್‌ಡ್ರೈವ್ ಹಾಗಲ್ಲ: ಮೆಲ್ಲಗೆ ಮೀಟಿದರೆ ತಿಳಿಯಾಗಿ ಇರುತ್ತದೆ, ಜೋರಾಗಿ ಮೀಟಿದರೆ ಗುರುಗುಟ್ಟುತ್ತದೆ. ಅದರ ಜೀವ ಇರುವುದೇ ಆ ಬದಲಾವಣೆಯಲ್ಲಿ.

ತಂಬೂರಿಯ ‘ಜವಾರಿ’ಯನ್ನು ಯಾರಾದರೂ ಸೂಚಿಸಬಹುದು, ಅದೂ ಬೇಡ. ಜವಾರಿ ಹುಟ್ಟುವುದು ತಂತಿ ಕುದುರೆಯ ಮೈಗೆ ಸವರಿಕೊಂಡು ಮಿಡಿಯುವುದರಿಂದ. ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ತೆರೆದುಕೊಳ್ಳುತ್ತದೆ. ಅದು ಜೋರಿನ ಮೇಲೆ ನಿಂತದ್ದಲ್ಲ. ಮೇಲಾಗಿ ಘಟ್ಟ ಹತ್ತಿ ಹುಬ್ಬಳ್ಳಿ ಕಡೆ ಹೋದರೆ ಜವಾರಿ ಎಂದರೆ ನಾಟಿ ತಳಿ, ಜವಾರಿ ಕೋಳಿ.

ನನ್ನ ಆಯ್ಕೆ ‘ಕೆರಳು’. ಕೆಣಕಿದರೆ ಕೆರಳುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಆಂಪ್ ಎಲ್ಲಿಂದ ಕೆರಳಲು ಶುರುವಾಯಿತು, ಈ ಆಂಪ್ ಬೇಗ ಕೆರಳುತ್ತದೆ, ಇದು ನಿಧಾನ: ಕ್ರಿಯಾಪದವಾಗಿಯೂ ಸಲೀಸು. ಮೆಲ್ಲಗೆ ನುಡಿಸಿದರೂ ತಿಳಿಯಾಗದಷ್ಟು ಗೇನ್ ಇರುವ ದನಿಗೆ, ಅಂದರೆ ಡಿಸ್ಟಾರ್ಷನ್ನಿಗೆ, ‘ಗೊಗ್ಗರು’ ಆಗ ಸರಿಯಾಗಿ ಕೂರುತ್ತದೆ. ಫಝ್ ಫಝ್ ಆಗಿಯೇ ಇರಲಿ.

ಕೈಪಿಡಿಯಲ್ಲಿ ಇದನ್ನು ಪರೀಕ್ಷೆಯಾಗಿಯೂ ಸೇರಿಸಬಹುದು. ಬರಿದನಿ ಹಿಡಿಯುವಾಗ ಒಂದೇ ತುಣುಕನ್ನು ಮೂರು ಸಲ ನುಡಿಸಿ: ಬೆರಳ ತುದಿಯಿಂದ, ಪಿಕ್‌ನಿಂದ ಸಾಧಾರಣವಾಗಿ, ಪಿಕ್‌ನಿಂದ ಜೋರಾಗಿ. ನಾಲ್ಕನೆಯ ಸಲ ಗಿಟಾರಿನ ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿ ಜೋರಾಗಿಯೇ ನುಡಿಸಿ. ಇದನ್ನು ರೆಕಾರ್ಡ್ ಮಾಡುವಾಗಲೇ ಮಾಡಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಟ್ರ್ಯಾಕಿನ ಮಟ್ಟ ಇಳಿಸಿದರೆ ಅದೇ ಆಗುವುದಿಲ್ಲ, ಏಕೆಂದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ದನಿಯ ಹೊಳಪೂ ಒಂದಿಷ್ಟು ಇಳಿಯುತ್ತದೆ. ಒಳ್ಳೆಯ ಸಿಮ್ಯುಲೇಟರಿನಲ್ಲಿ ಮೊದಲನೆಯದು ತಿಳಿ, ಎರಡನೆಯದರ ಅಂಚು ಒರಟು, ಮೂರನೆಯದು ಕೆರಳಿದ್ದು, ನಾಲ್ಕನೆಯದು ಮತ್ತೆ ಎರಡನೆಯದರ ಹತ್ತಿರ ಬರಬೇಕು. ನಾಲ್ಕೂ ಒಂದೇ ತರ ಕೇಳಿದರೆ ಮೊದಲು ಸಿಮ್ಯುಲೇಟರಿನ ಇನ್‌ಪುಟ್ ಮಟ್ಟ ಇಳಿಸಿ ನೋಡಿ, ಅದಾದ ಮೇಲೆ ಬೇರೆಯದಕ್ಕೆ ಹೋಗಿ.