ಉರಿಯೂ ಇಲ್ಲ, ಊತವೂ ಇಲ್ಲ ಅಂದರೆ ‘ಉರಿಯೂತ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಆರೋಗ್ಯದ ಬರಹಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈಗ ಕೈಯಲ್ಲಿರುವುದು ಒಂದು ಕಿರುಪುಸ್ತಕ. ಊಟ, ನಿದ್ದೆ, ವ್ಯಾಯಾಮಗಳಿಗೂ ಇನ್‌ಫ್ಲಮೇಶನ್ನಿಗೂ ಏನು ನಂಟು, ಅದಕ್ಕೂ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೂ ಏನು ನಂಟು ಅನ್ನುವುದು ಅದರ ವಿಷಯ. ಇನ್‌ಫ್ಲಮೇಶನ್ ಅಂದರೆ ಗಾಯಕ್ಕೋ ಸೋಂಕಿಗೋ ದೇಹ ತೋರುವ ರಕ್ಷಣೆಯ ಪ್ರತಿಕ್ರಿಯೆ. ಅದಕ್ಕೆ ಎಲ್ಲರೂ ‘ಉರಿಯೂತ’ ಅನ್ನುತ್ತಾರೆ, ನಾನೂ ಹಾಗೇ ಬರೆದೆ. ಕರಡನ್ನು ಚಿಕ್ಕಮ್ಮನಿಗೆ ಓದಲು ಕೊಟ್ಟೆ. ಅವರ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಲೀಟರಿಗೆ 4.2 ಮಿಲಿಗ್ರಾಂ ಬಂದಿತ್ತು. ಹಾಗಾಗಿ ಆಸಕ್ತಿಯಿಂದಲೇ ಓದಿದರು.

ಓದಿ ಮುಗಿಸಿ ಕೇಳಿದ್ದು ಇಷ್ಟು: “ಅಲ್ಲ ಕಣೋ, ನಂಗೆ ಎಲ್ಲೂ ಉರಿ ಇಲ್ಲ, ಊತಾನೂ ಇಲ್ಲ. ಮತ್ತೆ ಇದು ಹೇಗೆ ಬಂತು?”

ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಎರಡು ವಾರ ಬಿಟ್ಟು ಹೋದರೆ ಖಾರ ಪೂರ್ತಿ ಬಿಟ್ಟುಬಿಟ್ಟಿದ್ದರು. ಉರಿ ಅಂದಮೇಲೆ ಖಾರ ತಾನೇ ಕಾರಣ! ಟೀಗೆ ಹಾಕುವ ಎರಡು ಚಮಚ ಸಕ್ಕರೆ ಮಾತ್ರ ಹಾಗೇ ಇತ್ತು. ಕರಡಿನಲ್ಲಿ ಖಾರದ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ಸಕ್ಕರೆ ಬಗ್ಗೆ ಎರಡು ಪುಟ ಬರೆದಿದ್ದೆ. ಆ ಎರಡು ಪುಟಕ್ಕಿಂತ ಒಂದು ಪದ ಗಟ್ಟಿಯಾಗಿ ಮಾತಾಡಿತ್ತು.

ಪದ ಕೆಟ್ಟದ್ದು ಅನ್ನುತ್ತಿಲ್ಲ. ನಿಜ ಹೇಳಬೇಕೆಂದರೆ ಚೆನ್ನಾಗಿ ಕಟ್ಟಿದ ಪದ ಅದು. ಓಡು–ಓಟ, ಕೂಡು–ಕೂಟ ಆದ ಹಾಗೆ ಊದು ಹೋಗಿ ಊತ. ಅದರ ಹಿಂದೆ ಉರಿ. ನಡುವೆ ಒಂದು ಯಕಾರ ಬಂದು ಕೂತಿದೆ. 1ನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇನ್‌ಫ್ಲಮೇಶನ್ನಿಗೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ‘ಉರಿ’ಯಲ್ಲಿ ಬಿಸಿಯೂ ಇದೆ, ನೋವೂ ಇದೆ. ಊತ ಅಂತೂ ಇದ್ದೇ ಇದೆ. ನಾಲ್ಕರಲ್ಲಿ ಮೂರು ಲಕ್ಷಣ ನಾಲ್ಕೇ ಅಕ್ಷರದಲ್ಲಿ! ಲ್ಯಾಟಿನ್ ಮೂಲದಲ್ಲೂ ಇರುವುದು ಬೆಂಕಿ ಹಚ್ಚುವ ಅರ್ಥವೇ, ಆದರೆ ಅಲ್ಲಿ ಊತ ಇಲ್ಲ. ಮುಳ್ಳು ಚುಚ್ಚಿ ಬೆರಳು ಬಾತುಕೊಂಡರೆ, ಗಂಟಲು ಕೆಂಪಾದರೆ ‘ಉರಿಯೂತ’ದಷ್ಟು ಸರಿಯಾದ ಪದ ಬೇರೆ ಬೇಡ.

ತೊಂದರೆ ಇರುವುದು ಈ ಪುಸ್ತಕದ ಇನ್‌ಫ್ಲಮೇಶನ್ನಿನಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಸೇರಿದಾಗ ಆ ಕೊಬ್ಬಿನ ಜೀವಕೋಶಗಳು ಹಿಗ್ಗುತ್ತವೆ. ಅವುಗಳ ಸುತ್ತ ಮ್ಯಾಕ್ರೊಫೇಜ್ ಎಂಬ ರಕ್ಷಕ ಜೀವಕೋಶಗಳು ಬಂದು ಸೇರುತ್ತವೆ. ಅಲ್ಲಿಂದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶದ ಅಣುಗಳು ರಕ್ತಕ್ಕೆ ಇಳಿಯುತ್ತವೆ. ಇಂಟರ್‌ಲ್ಯೂಕಿನ್-6 ಪಿತ್ತಜನಕಾಂಗಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಸಿಆರ್‌ಪಿ ತಯಾರಿಸುತ್ತದೆ. ದಪ್ಪಗಾದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇದೆ, ಅದನ್ನು ತಡೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1993ರಲ್ಲಿ ತೋರಿಸಿದ ಮೇಲೆ ಈ ವಿಷಯಕ್ಕೆ ಬಲ ಬಂತು. ಇದೆಲ್ಲ ವರ್ಷಗಟ್ಟಲೆ ನಡೆದರೂ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಜೋರು ಸೋಂಕಿನಲ್ಲಿ ಸಿಆರ್‌ಪಿ ಲೀಟರಿಗೆ 100 ಮಿಲಿಗ್ರಾಂ ದಾಟುವುದುಂಟು. ಇಲ್ಲಿ ನೋಡುವುದು 1ಕ್ಕಿಂತ ಕಡಿಮೆಯೋ, 1ರಿಂದ 3ರ ನಡುವೆಯೋ, 3ಕ್ಕಿಂತ ಜಾಸ್ತಿಯೋ ಅನ್ನುವ ಸಣ್ಣ ವ್ಯತ್ಯಾಸ. 10 ದಾಟಿದರೆ ಬೇರೆ ಸೋಂಕೋ ಗಾಯವೋ ಇರಬಹುದೆಂದು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ.

ಈ ಸಣ್ಣ ಪ್ರಮಾಣದ, ಬಹಳ ಕಾಲ ಇರುವ ಬಗೆಗೆ ಏನನ್ನಬೇಕು? ‘ಕೆಳದರ್ಜೆಯ ಉರಿಯೂತ’ ಎಂದು ಒಂದೆರಡು ಕಡೆ ಓದಿದೆ. ಸರ್ಕಾರಿ ಗುಮಾಸ್ತರ ನೇಮಕಾತಿ ಆದೇಶ ಓದಿದ ಹಾಗಾಯಿತು. ‘ಅಲ್ಪ ಪ್ರಮಾಣದ ದೀರ್ಘಕಾಲಿಕ ಉರಿಯೂತ’ ಸರಿಯೇ. ಆದರೆ ಒಂದು ಪುಟದಲ್ಲಿ ಏಳು ಸಲ ಬಂದರೆ ಓದುವವರ ಉಸಿರು ಕಟ್ಟುತ್ತದೆ. ‘ಒಳಗುದಿ’ ನನಗೆ ತುಂಬಾ ಇಷ್ಟವಾಯಿತು, ಆದರೆ ಅದನ್ನು ಮನಸ್ಸಿನ ಸಂಕಟಕ್ಕೆ ಆಗಲೇ ಕೊಟ್ಟುಬಿಟ್ಟಿದ್ದೇವೆ. ‘ಬೂದಿ ಮುಚ್ಚಿದ ಕೆಂಡ’ ವಿವರಿಸಲು ಚೆಂದ, ಪರಿಭಾಷೆಗೆ ಆಗದು.

ಕೊನೆಗೆ ಅಡುಗೆಮನೆಯ ಮಾತು ನೆನಪಾಯಿತು. ‘ಸಣ್ಣ ಉರಿಯಲ್ಲಿ ಬೇಯಿಸಿ’ ಅನ್ನುತ್ತೇವಲ್ಲ? ಆ ಸಣ್ಣ ಉರಿಯನ್ನೇ ತಂದು ‘ಸಣ್ಣುರಿಯೂತ’ ಮಾಡಿದರೆ ಹೇಗೆ? ಹಳೆಯ ಪದವೂ ಉಳಿಯುತ್ತದೆ, ಹುಡುಕುವವರಿಗೂ ಸಿಗುತ್ತದೆ. ಉರಿ ಜೋರಿಲ್ಲ ಅನ್ನುವುದೂ ಮೊದಲಲ್ಲೇ ಗೊತ್ತಾಗುತ್ತದೆ. ವೈದ್ಯರಾಗಿರುವ ಗೆಳತಿಗೆ ಹೇಳಿದೆ. “ಸಣ್ಣ ಅಂದ್ರೆ ಪರವಾಗಿಲ್ಲ ಅಂತ ಸುಮ್ನೆ ಕೂತುಬಿಡ್ತಾರೆ” ಅಂದರು. ಸಣ್ಣ ಉರಿಯಲ್ಲಿಟ್ಟು ಮರೆತ ಪಾತ್ರೆಯೂ ತಳ ಹಿಡಿಯುತ್ತದೆ ಅಲ್ವಾ ಎಂದೆ. ಅವರು ಒಪ್ಪಲಿಲ್ಲ, ನಕ್ಕರು. ಊತದ ತಕರಾರು ಇದರಿಂದ ಹೋಗುವುದಿಲ್ಲ, ಅದು ನನಗೂ ಗೊತ್ತು.

ಇನ್ನೊಂದು ಪದ ‘ಸೂಚಕ’. ಮಾರ್ಕರ್‌ಗೆ, ಅಂದರೆ ಸಿಆರ್‌ಪಿಯ ಹಾಗೆ ಒಳಗೆ ಏನೋ ನಡೆಯುತ್ತಿದೆ ಎಂದು ತೋರಿಸುವ ರಕ್ತದ ವಸ್ತುವಿಗೆ, ಇದನ್ನೇ ಬಳಸುತ್ತಿದ್ದೇನೆ. ಕೆಲವರು ‘ಸೂಚ್ಯಂಕ’ ಬರೆಯುತ್ತಾರೆ. ಅದು ಲೆಕ್ಕ ಹಾಕಿ ತೆಗೆದ ಅಂಕಿ, ರಕ್ತದಲ್ಲಿರುವ ವಸ್ತುವಲ್ಲ. ಆದರೆ ‘ಸೂಚಕ’ ಅಂದರೂ ಓದುವವರು ಅದನ್ನೇ ರೋಗದ ಕಾರಣ ಅಂದುಕೊಳ್ಳುತ್ತಾರೆ. “ಸಿಆರ್‌ಪಿ ಇಳಿಸುವ ಮಾತ್ರೆ ಇದೆಯಾ?” ಎಂದು ಚಿಕ್ಕಮ್ಮ ಕೇಳಿದ್ದು ಅದಕ್ಕೇ. ಹುಟ್ಟಿನಿಂದಲೇ ಸಿಆರ್‌ಪಿ ಜಾಸ್ತಿ ಇರುವಂಥ ಜೀನ್ ಪಡೆದವರಿಗೆ ಅದರಿಂದಲೇ ಹೃದಯದ ಕಾಯಿಲೆ ಜಾಸ್ತಿಯಾಗುವುದಿಲ್ಲ. ಅದು ಸುದ್ದಿ ತಂದವನು, ತಪ್ಪು ಮಾಡಿದವನಲ್ಲ. ಇದಕ್ಕೆ ‘ಕುರುಹು’ ಅಥವಾ ‘ಸುಳಿವು’ ಹೊಂದುತ್ತದೆಯೇ? ‘ಸುಳಿವು’ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಸುಳಿವನ್ನು ಹಿಡಿದು ಯಾರೂ ಜೈಲಿಗೆ ಹಾಕುವುದಿಲ್ಲ. (ಸಿಆರ್‌ಪಿಯಲ್ಲಿನ ‘ಸಿ’ ವಿಟಮಿನ್ ಸಿ ಅಲ್ಲ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡಾಗ, ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಸಕ್ಕರೆ ಅಂಶದ ಜೊತೆ ಸೇರಿ ಗರಣೆಗಟ್ಟಿತ್ತು, ಅದಕ್ಕೆ ಆ ಹೆಸರು. ಇದನ್ನೂ ಒಬ್ಬರು ಕೇಳಿದ್ದರು.)

‘ಉರಿಯೂತಕಾರಿ’ ಅನ್ನುವ ಹಣೆಪಟ್ಟಿಯೂ ಕಷ್ಟ ಕೊಡುತ್ತಿದೆ. ಇಂಟರ್‌ಲ್ಯೂಕಿನ್-6ಕ್ಕೆ ಎಲ್ಲೆಡೆ ಅದೇ ಹಣೆಪಟ್ಟಿ. ಆದರೆ ಜೋರಾಗಿ ವ್ಯಾಯಾಮ ಮಾಡುವಾಗ ಸ್ನಾಯುಗಳೇ ಅದನ್ನು ಹಲವು ಪಟ್ಟು ಜಾಸ್ತಿ ಬಿಡುತ್ತವೆ. ಆಗ ಅದರ ಪರಿಣಾಮ ಉಲ್ಟಾ, ಉರಿಯೂತವನ್ನು ತಗ್ಗಿಸುವ ಕಡೆಗೆ. ಒಂದೇ ಅಣು, ಎರಡು ಗುಣ. ಹಾಗಾಗಿ ಈ ಪುಸ್ತಕದಲ್ಲಿ ಆ ಪದವನ್ನೇ ಬಿಟ್ಟು, ಏನು ಮಾಡುತ್ತದೆ ಎಂದು ವಾಕ್ಯದಲ್ಲೇ ಹೇಳುತ್ತಿದ್ದೇನೆ.

ಇನ್ನು ಆಹಾರ. ‘ಉರಿಯೂತ ನಿವಾರಕ ಆಹಾರ’ ಅಂದರೆ ಮಾತ್ರೆಯ ಚೀಟಿ ಓದಿದ ಹಾಗಿರುತ್ತದೆ. ತಿಂದ ಕೂಡಲೇ ನಿವಾರಣೆ! ಮೂಲ ಬರಹ ಅಷ್ಟು ದೊಡ್ಡ ಮಾತು ಆಡುವುದಿಲ್ಲ. ‘ನಂಟಿದೆ’ ಎಂದಷ್ಟೇ ಹೇಳುತ್ತದೆ. ನಾವು ಆ ಜಾಗದಲ್ಲಿ ‘ಕಾರಣ’ ಬರೆದುಬಿಡುತ್ತೇವೆ, ನಾನೂ ಮಾಡಿದ್ದೇನೆ. ‘ಸಿಹಿ ಪಾನೀಯ ಸಿಆರ್‌ಪಿ ಏರಿಸುತ್ತದೆ’ ಅನ್ನುವುದು ಒಂದು ಮಾತು. ‘ಸಿಹಿ ಪಾನೀಯ ಜಾಸ್ತಿ ಕುಡಿಯುವವರಲ್ಲಿ ಸಿಆರ್‌ಪಿ ಜಾಸ್ತಿ ಕಂಡಿದೆ’ ಅನ್ನುವುದು ಬೇರೆ ಮಾತು. ಅವರು ಓಡಾಡುವುದೂ ಕಡಿಮೆ ಇರಬಹುದು, ತೂಕವೂ ಜಾಸ್ತಿ ಇರಬಹುದು. ನಾರಿನಂಶ ಚೆನ್ನಾಗಿ ತಿನ್ನುವವರಲ್ಲಿ ಸಿಆರ್‌ಪಿ ಕಡಿಮೆ, ಸಿಗರೇಟು ಸೇದುವವರಲ್ಲಿ ಜಾಸ್ತಿ ಎಂಬುದನ್ನೂ ಹೀಗೇ ಬರೆಯುತ್ತಿದ್ದೇನೆ. ತೂಕ ಇಳಿಸಿದರೆ ಸಿಆರ್‌ಪಿ ಇಳಿಯುತ್ತದೆ ಅನ್ನುವುದನ್ನು ಮಾತ್ರ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಲ್ಲಿ ‘ಇಳಿಯುತ್ತದೆ’ ಎಂದು ಧೈರ್ಯವಾಗಿ ಬರೆದಿದ್ದೇನೆ.

ಮೆಟಬಾಲಿಸಮ್ಮಿಗೆ ಬಳಸುವ ‘ಚಯಾಪಚಯ’ದ ಬಗ್ಗೆ ತಕರಾರಿಲ್ಲ. ನಾಲಿಗೆ ತೊಡರುತ್ತದೆ, ಆದರೆ ದಾರಿ ತಪ್ಪಿಸುವುದಿಲ್ಲ.

ಹಾಗಾಗಿ ನಿಮ್ಮನ್ನು ಕೇಳುವುದು ಎರಡೇ. ‘ಸಣ್ಣುರಿಯೂತ’ ಕಿವಿಗೆ ಕನ್ನಡವಾಗಿ ಕೇಳುತ್ತದೆಯೇ, ಇಲ್ಲ ನಾನೇ ಕಟ್ಟಿದೆ ಅನ್ನುವ ಮೋಹವೇ? ಮಾರ್ಕರ್‌ಗೆ ‘ಸುಳಿವು’ ಅಂದರೆ ಬಹುವಚನದಲ್ಲಿ ‘ಉರಿಯೂತದ ಸುಳಿವುಗಳು’ ಎಂದಾಗುತ್ತದೆ. ಪತ್ತೇದಾರಿ ಕಾದಂಬರಿಯ ವಾಸನೆ ಬರುತ್ತದೆಯೇ? ನಿಮ್ಮ ಮನೆಯಲ್ಲಿ, ಊರಲ್ಲಿ ಬೇರೆ ಮಾತು ಇದ್ದರೆ ಅದನ್ನೂ ತಿಳಿಸಿ, ಆಡುಮಾತಾದರೂ ಸರಿ.

ಪುಸ್ತಕ ಅಚ್ಚಿಗೆ ಹೋಗಲು ಹತ್ತು ದಿನ ಇದೆ. ಚಿಕ್ಕಮ್ಮ ಇನ್ನೂ ಖಾರ ಮುಟ್ಟುತ್ತಿಲ್ಲ.