ನಿಜಾರಿ ಕ್ಯಾನಡಿ: 2025ರ ಫೈನಲ್‌ನ ಮೂರನೇ ಪಂದ್ಯದ ಸೋಲಿಗೆ ಅವರೇ ಹೊಣೆಯೇ?

ಪ್ರಶ್ನೆ: ಬಲಗೈ ಎಸೆತ

ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಪಿಚರ್ (ಚೆಂಡು ಎಸೆಯುವವರು) ನಿಜಾರಿ ಕ್ಯಾನಡಿ ಅವರು ಸ್ಟ್ಯಾನ್‌ಫರ್ಡ್ ತಂಡದಲ್ಲಿದ್ದಾಗಿನಿಂದಲೂ ಅವರ ಆಟವನ್ನು ನೋಡುತ್ತ ಬಂದಿದ್ದೇನೆ. 2023ರಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿಯಾಗಿದ್ದಾಗಲೇ ಏಳು ಇನ್ನಿಂಗ್ಸ್‌ಗೆ ಸರಾಸರಿ 0.57 ರನ್ ಮಾತ್ರ ಕೊಟ್ಟರು. 2024ರಲ್ಲಿ 337 ಸ್ಟ್ರೈಕ್‌ಔಟ್ (ಬರೀ ಎಸೆತಗಳಿಂದಲೇ ಬ್ಯಾಟರನ್ನು ಔಟ್ ಮಾಡುವುದು) ಪಡೆದು ದೇಶದ ವರ್ಷದ ಕಾಲೇಜು ಆಟಗಾರ್ತಿ ಎನಿಸಿದರು. ಬಳಿಕ ಹತ್ತು ಲಕ್ಷ ಡಾಲರ್‌ಗೂ ಮಿಗಿಲಾದ ಒಪ್ಪಂದದೊಂದಿಗೆ ಟೆಕ್ಸಸ್ ಟೆಕ್ ಸೇರಿ, ಅದುವರೆಗೆ ಒಮ್ಮೆಯೂ ವುಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ (ಕಾಲೇಜು ಚಾಂಪಿಯನ್‌ಷಿಪ್‌ನ ಕೊನೆಯ ಹಂತ) ತಲುಪಿರದ ಆ ತಂಡವನ್ನು 2025ರಲ್ಲಿ ಫೈನಲ್‌ವರೆಗೆ ಕೊಂಡೊಯ್ದರು. ಆದರೆ ಮೂರು ಪಂದ್ಯಗಳ ಫೈನಲ್‌ನ ನಿರ್ಣಾಯಕವಾದ ಮೂರನೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ ಎದುರಾಳಿ ಟೆಕ್ಸಸ್ (ಟೆಕ್ಸಸ್ ಟೆಕ್ ಅಲ್ಲ, ಬೇರೆ ವಿಶ್ವವಿದ್ಯಾಲಯ) ತಂಡಕ್ಕೆ ಐದು ರನ್ ಬಿಟ್ಟುಕೊಟ್ಟು ಹೊರಬಂದರು. ಅಷ್ಟು ಹಣ ಪಡೆದವರು ಬೇಕಾದ ಹೊತ್ತಿಗೆ ಕೈಕೊಟ್ಟರು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆಯೇ?

ಉತ್ತರ: ಅಂಕಪಟ್ಟಿ

ಹುರುಳಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರನೇ ಪಂದ್ಯವನ್ನಷ್ಟೇ ನೋಡಿ ತೀರ್ಪು ಕೊಡುವವರು ಅದಕ್ಕೆ ಮುಂಚಿನ ಒಂದು ವಾರವನ್ನು ಮರೆಯುತ್ತಾರೆ. ವರ್ಲ್ಡ್ ಸೀರೀಸ್ ನಡೆದ ಒಕ್ಲಹೋಮಾ ನಗರದಲ್ಲಿ ಟೆಕ್ಸಸ್ ಟೆಕ್ ಆಡಿದ ಮೊದಲ ಐದು ಪಂದ್ಯಗಳಲ್ಲಿ ಆ ತಂಡದ ಪ್ರತಿಯೊಂದು ಎಸೆತವನ್ನೂ ಎಸೆದವರು ಕ್ಯಾನಡಿ ಒಬ್ಬರೇ. 2021ರಿಂದ ಸತತ ನಾಲ್ಕು ಬಾರಿ ಚಾಂಪಿಯನ್ ಆಗಿದ್ದ ಒಕ್ಲಹೋಮಾ ತಂಡವನ್ನು 3–2ರಿಂದ ಮನೆಗೆ ಕಳುಹಿಸಿದ ಪಂದ್ಯವೂ ಆ ಐದರಲ್ಲಿ ಒಂದು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಫೈನಲ್‌ನ ಮೊದಲ ಪಂದ್ಯದ ಆರನೇ ಇನ್ನಿಂಗ್ಸ್. ಟೆಕ್ 1–0ರಿಂದ ಮುಂದಿತ್ತು. ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಎದುರಾಳಿ ಓಟಗಾರ್ತಿಯರಿದ್ದರು. ಅಪಾಯಕಾರಿ ಬ್ಯಾಟರ್ ರೀಸ್ ಆಟ್‌ವುಡ್ ಅವರಿಗೆ ಬೇಕೆಂದೇ ವಾಕ್ ಕೊಟ್ಟು, ಅಂದರೆ ನಾಲ್ಕು ಎಸೆತಗಳನ್ನು ಹೊರಗೆ ಹಾಕಿ, ಮೊದಲ ಬೇಸ್‌ಗೆ ಕಳುಹಿಸುವುದೆಂದು ತೀರ್ಮಾನವಾಗಿತ್ತು. ಮೂರು ಎಸೆತಗಳು ಹೊರಗೆ ಹೋದವು. ಸುಮ್ಮನೆ ದೂರ ಎಸೆಯಬೇಕಿದ್ದ ನಾಲ್ಕನೆಯದು ಬ್ಯಾಟಿಗೆ ಎಟುಕುವಷ್ಟು ಒಳಗೆ ಬಂತು, ಆಟ್‌ವುಡ್ ಬೀಸಿಯೇಬಿಟ್ಟರು. ಎರಡು ರನ್ ಬಂದು ಪಂದ್ಯ 2–1ರಿಂದ ಟೆಕ್ಸಸ್ ಪಾಲಾಯಿತು. ಅದು ಕ್ಯಾನಡಿಯವರದೇ ತಪ್ಪು, ಅಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಮರುದಿನವೇ ಅವರು ಮತ್ತೆ ಪೂರ್ತಿ ಪಂದ್ಯ ಎಸೆದು 4–3ರಿಂದ ಗೆಲ್ಲಿಸಿದ್ದರಿಂದಲೇ ಮೂರನೇ ಪಂದ್ಯ ಎಂಬುದೊಂದು ಉಳಿಯಿತು. ಕೈಕೊಟ್ಟವರು ಹೀಗೆ ಆಡುತ್ತಾರೆಯೇ?

ಉತ್ತರ: ಹಳೆಯ ಕ್ಯಾಚರ್

ಅಂಕಪಟ್ಟಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸೋಲಿಗೆ ದಣಿವೊಂದೇ ಕಾರಣವೆಂಬ ಧ್ವನಿ ಅದರಲ್ಲಿದ್ದರೆ ಅದನ್ನು ಒಪ್ಪಲಾರೆ. ಕೆಳಗಿನಿಂದ ಎಸೆಯುವುದರಿಂದ ತೋಳಿಗೆ ಶ್ರಮವೇ ಇಲ್ಲವೆಂಬುದು ಈ ಆಟದ ಹಳೆಯ ನಂಬಿಕೆ. ಕ್ರಿಕೆಟ್ಟಿನ ಓವರ್ ಮಿತಿಯಂಥದ್ದೇನೂ ಇಲ್ಲಿ ಇಲ್ಲದಿರುವುದಕ್ಕೆ ಅದೂ ಒಂದು ಕಾರಣ. ವಾಸ್ತವದಲ್ಲಿ ತೋಳನ್ನು ಗಿರಕಿ ಹೊಡೆಸುವ ಈ ಶೈಲಿಯಲ್ಲಿ ಭುಜದ ಮೇಲೆ ಬೀಳುವ ಎಳೆತ ಬೇಸ್‌ಬಾಲ್ ಪಿಚರ್‌ಗಳದ್ದಕ್ಕೆ ಹೋಲಿಸಬಹುದಾದಷ್ಟಿರುತ್ತದೆ. ಇದು ಒಂದು ಮುಖ.

ಇನ್ನೊಂದು ಮುಖ ಬ್ಯಾಟರ್‌ಗಳ ಕಣ್ಣು. ಕ್ಯಾನಡಿಯವರ ದೊಡ್ಡ ಅಸ್ತ್ರ ರೈಸ್ ಬಾಲ್. ಚೆಂಡು ನಿಜವಾಗಿ ಮೇಲೇರುವುದಿಲ್ಲ. ಹಿಮ್ಮುಖ ತಿರುಗುವಿಕೆಯ ದೆಸೆಯಿಂದ ಬ್ಯಾಟರ್ ನಿರೀಕ್ಷಿಸಿದಷ್ಟು ಕೆಳಗಿಳಿಯುವುದಿಲ್ಲ, ಅಷ್ಟೇ. ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ, ಅದೂ ಮುಂದಕ್ಕೆ ಚಿಮ್ಮಿದ ಮೇಲೆಯೇ ಚೆಂಡು ಕೈಬಿಡುವುದರಿಂದ, ಬೀಸಬೇಕೋ ಬೇಡವೋ ಎಂದು ಯೋಚಿಸಲು ಸಮಯವಿರುವುದಿಲ್ಲ. ಬ್ಯಾಟು ಚೆಂಡಿನ ಅಡಿಯಲ್ಲಿ ಹಾದುಹೋಗುತ್ತದೆ. ಆದರೆ ಅದೇ ಕೈಯ ಚೆಂಡನ್ನು ಮೂರು ದಿನ ಒಂದೇ ಸಮನೆ ಎದುರಿಸಿದವರಿಗೆ ಯಾವ ಎತ್ತರದ ಚೆಂಡನ್ನು ಬಿಟ್ಟುಬಿಡಬೇಕೆಂಬುದು ತಿಳಿದುಹೋಗುತ್ತದೆ. ಆ ಮೂರನೇ ದಿನ ಬೇರೊಬ್ಬ ಪಿಚರ್‌ನಿಂದ ಆಟ ಆರಂಭಿಸಿ, ಕ್ಯಾನಡಿಯವರನ್ನು ನಾಲ್ಕನೇ ಇನ್ನಿಂಗ್ಸ್‌ಗೆ ಕಾದಿರಿಸಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಉತ್ತರ: ಅಂಕಪಟ್ಟಿ

ಕಾದಿರಿಸಿ ಸೋತಿದ್ದರೆ ಕೋಚ್ ಗೆರಿ ಗ್ಲಾಸ್ಕೋ ಅವರನ್ನು ಜನ ಸುಮ್ಮನೆ ಬಿಡುತ್ತಿದ್ದರೇ, ಸರ್? ಇದೇ ಕಥೆ 2007ರಲ್ಲೂ ನಡೆದಿತ್ತು. ಟೆನೆಸೀ ತಂಡದ ಮೋನಿಕಾ ಆಬಟ್ ಆ ಒಂದೇ ಋತುವಿನಲ್ಲಿ 724 ಸ್ಟ್ರೈಕ್‌ಔಟ್ ಪಡೆದಿದ್ದರು. ಫೈನಲ್‌ನ ಮೊದಲ ಪಂದ್ಯವನ್ನು 3–0ರಿಂದ ಗೆದ್ದ ಟೆನೆಸೀ, ಎರಡನೆಯದನ್ನು ಹತ್ತು ಇನ್ನಿಂಗ್ಸ್‌ಗಳ ಬಳಿಕ 1–0ರಿಂದಲೂ ಮೂರನೆಯದನ್ನು 5–0ರಿಂದಲೂ ಅರಿಜೋನಾಗೆ ಒಪ್ಪಿಸಿತು. ಎರಡು ಪಂದ್ಯಗಳಲ್ಲಿ ಒಂದೇ ಒಂದು ರನ್ ಹೊಡೆಯದಿದ್ದ ಬ್ಯಾಟರ್‌ಗಳನ್ನು ಯಾರೂ ನೆನಪಿಡಲಿಲ್ಲ. ಆಬಟ್ ಪ್ರಶಸ್ತಿ ಗೆಲ್ಲಲಿಲ್ಲವೆಂಬುದನ್ನು ಮಾತ್ರ ನೆನಪಿಟ್ಟರು. ಅವರ 189 ಗೆಲುವು, 2,440 ಸ್ಟ್ರೈಕ್‌ಔಟ್‌ಗಳ ಕಾಲೇಜು ದಾಖಲೆ ಹಾಗೆಯೇ ನಿಂತಿದೆ.

ಪ್ರಶ್ನೆ ಕೇಳಿದವರು: ಬಲಗೈ ಎಸೆತ

ಇಬ್ಬರಿಗೂ ಧನ್ಯವಾದ. ಆಬಟ್ ಅವರ ವಿಷಯ ಗೊತ್ತಿರಲಿಲ್ಲ. ಹಣದ ಪ್ರಶ್ನೆಯನ್ನು ಎತ್ತಿದ್ದು ನಾನೇ ಆದರೂ ಈಗ ಅದನ್ನು ಬೇರೆ ರೀತಿ ಕೇಳಬೇಕೆನಿಸುತ್ತಿದೆ: ಒಬ್ಬರಿಗೆ ಅಷ್ಟು ಕೊಟ್ಟ ಮೇಲೆ ಅವರನ್ನು ಬೆಂಚಿನ ಮೇಲೆ ಕೂರಿಸುವ ಧೈರ್ಯ ಯಾವ ಕೋಚ್‌ಗೆ ಬರುತ್ತದೆ?

ಉತ್ತರ: ಹಳೆಯ ಕ್ಯಾಚರ್

ಬರುವುದು ಕಷ್ಟವೇ. ಆದರೂ ಎರಡನೇ ಪಂದ್ಯದ ಕೊನೆಯ ಎರಡು ಇನ್ನಿಂಗ್ಸ್‌ಗಳನ್ನು ಮತ್ತೊಮ್ಮೆ ನೋಡಿ. ರೈಸ್ ಬಾಲ್‌ಗೆ ಬ್ಯಾಟರ್‌ಗಳು ಎಷ್ಟು ಸಲ ಬೀಸದೆ ಸುಮ್ಮನಿದ್ದರೆಂದು ಎಣಿಸಿದರೆ ನನ್ನ ಮಾತು ಸರಿಯೋ ತಪ್ಪೋ ನಿಮಗೇ ತಿಳಿಯುತ್ತದೆ.